ಪಟಾಕಿಗೆ ನಡುಗುವ ನಾಯಿಯನ್ನು ಮುದ್ದಿಸಬಹುದು

ಲಕ್ಷ್ಮೀಪೂಜೆಯ ರಾತ್ರಿ ಮುಂಬಯಿಯ ಕಾಂದಿವಲಿಯಲ್ಲಿರುವ ಠಾಕೂರ್ ವಿಲೇಜ್‌ನಂಥ ಕಡೆ ಸುತಳಿ ಬಾಂಬ್ ಸಿಡಿದರೆ ಸದ್ದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎದುರುಬದುರು ನಿಂತ ಟವರುಗಳ ಗೋಡೆಗೆ ಬಡಿದು ಮರಳಿ ಮರಳಿ ಬರುತ್ತದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಬತ್ತಿ ಹಚ್ಚುವವರು ನಮಗೆ ಕಾಣುತ್ತಾರೆ. ಮಂಚದಡಿ ಸೇರಿದ ನಾಯಿಗೆ ಸದ್ದು ಎಲ್ಲಿಂದ ಬಂತೆಂಬುದೂ ತಿಳಿಯದು, ಮುಂದಿನದು ಯಾವಾಗ ಎಂಬುದೂ ತಿಳಿಯದು.

ಮನುಷ್ಯನ ಕಿವಿಗೆ 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿದರೆ ನಾಯಿಗೆ ಸುಮಾರು 45,000, ಬೆಕ್ಕಿಗೆ 60,000ವನ್ನೂ ಮೀರಿ ಕೇಳಿಸುತ್ತದೆ. ಆದರೆ ಭಯಕ್ಕೆ ಕಿವಿಯ ಚುರುಕೊಂದೇ ಕಾರಣವಲ್ಲ. ಹಠಾತ್ ಸದ್ದು ಮಿದುಳಿನ ಅಮಿಗ್ಡಲಾವನ್ನು ಕೆರಳಿಸುತ್ತದೆ, ಅಡ್ರಿನಲಿನ್ ನುಗ್ಗುತ್ತದೆ, ಎದೆಬಡಿತ ಏರುತ್ತದೆ. ಅದು ಇಳಿಯುವ ಮೊದಲೇ ಮತ್ತೊಂದು ಸಿಡಿತ. ‘ವರ್ಷ ವರ್ಷ ಕೇಳಿ ಅಭ್ಯಾಸವಾಗುತ್ತದೆ ಬಿಡಿ’ ಎನ್ನುವವರಿದ್ದಾರೆ. ಒಮ್ಮೆ ಬೆದರಿದ ಪ್ರಾಣಿಯಲ್ಲಿ ಆಗುವುದು ಹೆಚ್ಚಾಗಿ ಇದರ ತದ್ವಿರುದ್ಧ: ಭಯ ಗಟ್ಟಿಯಾಗುತ್ತದೆ, ಗುಡುಗಿಗೂ ಹಬ್ಬುತ್ತದೆ. ಫಿನ್ಲೆಂಡ್‌ನಲ್ಲಿ 13,700 ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 26ರಷ್ಟು ನಾಯಿಗಳಿಗೆ ಪಟಾಕಿಯ ಭಯವಿತ್ತು.

‘ಹೆದರಿದಾಗ ಮುದ್ದಿಸಬೇಡಿ, ಹೆದರಿಕೆ ಹೆಚ್ಚುತ್ತದೆ’ ಎಂಬ ಬುದ್ಧಿವಾದ ಎಷ್ಟು ನಾಯಿಗಳನ್ನು ಒಂಟಿಯಾಗಿ ನಡುಗಿಸಿದೆಯೋ! ಭಯವೆಂಬುದು ಬಹುಮಾನದ ಆಸೆಗೆ ನಾಯಿ ಮಾಡುವ ಕೆಲಸವಲ್ಲ, ಅದು ಭಾವನೆ. ಮಡಿಲಿಗೆ ಬಂದರೆ ತಬ್ಬಿಕೊಳ್ಳಿ, ಮೂಲೆ ಬಯಸಿದರೆ ಅಲ್ಲೇ ಬಿಡಿ. ಸ್ವಿಟ್ಸರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ನಾಯಿ ಸಾಕಿದವರನ್ನು ಸಮೀಕ್ಷಿಸಿದಾಗ, ಪ್ರತಿ ಸಿಡಿತದ ಬೆನ್ನಿಗೇ ತಿನಿಸು ಕೊಟ್ಟವರಲ್ಲಿ, ಆಟವಾಡಿಸಿದವರಲ್ಲಿ ಸುಮಾರು ಶೇ. 70 ಮಂದಿ ಅದರಿಂದ ಪ್ರಯೋಜನವಾಯಿತೆಂದರು. ಇದು ಮಾಲೀಕರ ಅನಿಸಿಕೆ, ಪ್ರಯೋಗಶಾಲೆಯ ಅಳತೆಯಲ್ಲ. ಆದರೂ ಖರ್ಚಿಲ್ಲದ ಈ ಉಪಾಯವನ್ನು ನಾನು ಎಲ್ಲಕ್ಕಿಂತ ಮುಂದಿಡುತ್ತೇನೆ. ಕ್ರಮ ಮುಖ್ಯ: ಮೊದಲು ಸದ್ದು, ಆಮೇಲೆ ಪನೀರಿನ ಚೂರು ಅಥವಾ ಬೇಯಿಸಿದ ಕೋಳಿ. ತಿರುಗುಮುರುಗಾದರೆ ತಿನಿಸೇ ಅಪಾಯದ ಮುನ್ಸೂಚನೆಯಾದೀತು. ಇಷ್ಟದ ತಿನಿಸನ್ನೂ ಮುಟ್ಟದಿದ್ದರೆ ಭಯ ಮಿತಿಮೀರಿದೆ ಎಂದರ್ಥ. ಅಂಥ ನಾಯಿಗೆ ವೈದ್ಯರ ನೆರವು ಬೇಕು.

ಕಾಂದಿವಲಿಯದೇ ಆದ ಚಾರ್ಕೋಪ್‌ನ ಪುಟ್ಟ ಮನೆಗಳಲ್ಲಿ ಬೇರೆ ಕೋಣೆ ಎಲ್ಲಿಂದ ತರುವುದು? ಬಚ್ಚಲುಮನೆಯಾದರೂ ಸಾಕು. ಹಳೆಯ ಚಾದರ ಹಾಸಿ, ಕಿಟಕಿ ಮುಚ್ಚಿ, ಫ್ಯಾನು, ಟಿವಿ ಹಾಕಿಡಿ. ಕಪಾಟಿನ ಮೇಲೇರಿದ ಬೆಕ್ಕನ್ನು ಕೆಳಗೆಳೆಯಬೇಡಿ.

ಔಷಧಿ ಬೇಕಿದ್ದರೆ ಪಶುವೈದ್ಯರನ್ನು ಹಬ್ಬಕ್ಕೆ ಕೆಲವು ವಾರ ಮೊದಲೇ ಕಾಣಬೇಕು, ಪ್ರಮಾಣವನ್ನು ಮುಂಚೆಯೇ ಒಮ್ಮೆ ಪರೀಕ್ಷಿಸಬೇಕು. ಅಸಿಪ್ರೊಮಜಿನ್ ಎಂಬ ಮಂಪರು ಔಷಧಿಯೊಂದನ್ನೇ ಕೊಟ್ಟರೆ ಮೈ ಮಂಪರಾಗುತ್ತದೆಯೇ ಹೊರತು ಭಯ ಇಳಿಯುವುದಿಲ್ಲ; ನಾಯಿ ಓಡಲಾಗದೆ ಹೆದರುತ್ತಲೇ ಇರುತ್ತದೆ. ಮನುಷ್ಯರ ನಿದ್ದೆಮಾತ್ರೆಯನ್ನಂತೂ ಕೊಡಲೇಬೇಡಿ.

2023ರ ದೀಪಾವಳಿಗೆ ಬಾಂಬೆ ಹೈಕೋರ್ಟ್ ಪಟಾಕಿಯ ಸಮಯವನ್ನು ರಾತ್ರಿ 8ರಿಂದ 10ಕ್ಕೆ ಮಿತಗೊಳಿಸಿತ್ತು. ಗಡಿಯಾರ ನೋಡಿ ಎಲ್ಲರೂ ಹಚ್ಚುವುದಿಲ್ಲ, ಹಾಗಾಗಿ ನಾಯಿಯ ಸಂಜೆಯ ಸುತ್ತಾಟ ಬೆಳಕಿರುವಾಗಲೇ ಮುಗಿಯಲಿ. ಬೆದರಿದ ನಾಯಿ ಕೊರಳಪಟ್ಟಿ ಕಿತ್ತುಕೊಂಡು ಓಡಬಲ್ಲದು. ಎದೆಪಟ್ಟಿ ಕಟ್ಟಿ, ಫೋನ್ ನಂಬರಿನ ಬಿಲ್ಲೆ ತಗುಲಿಸಿ. ಬೀದಿನಾಯಿಗಳಿಗೆ ಇದಾವುದೂ ಇಲ್ಲ. ಆ ರಾತ್ರಿಗಳಲ್ಲಿ ಅವು ಪಾರ್ಕಿಂಗ್‌ನ ಮೂಲೆಗೋ ಮೆಟ್ಟಿಲ ಕೆಳಗೋ ಬಂದು ಮಲಗಿದರೆ ಓಡಿಸಬಾರದೆಂದು ಸೊಸೈಟಿಯ ಕಾವಲುಗಾರರಿಗೆ ಮೊದಲೇ ಹೇಳಿಡಿ.