ಹೊಸ ಬ್ಯಾಟ್ ಕೈಗೆ ಬಂದ ಮೇಲೆ



ಟೆನಿಸ್ ಆಟವನ್ನು ನಾನು ನೋಡಿದ್ದು ಟಿ.ವಿ.ಯಲ್ಲಿ ಮಾತ್ರ. ನಮ್ಮ ಶಿರವಾಳದ ಓಣಿಗಳಲ್ಲಿ ರಾಕೆಟ್ ಎಂದರೆ ಶಟಲ್ ಬ್ಯಾಟೇ. ಎರಡು ಕಂಬ, ಒಂದು ನೆಟ್, ಸುಣ್ಣದ ಗೆರೆ ಇದ್ದರೆ ಸಾಕು, ಮಗ್ರಿಬ್ ಅಜಾನ್ ಆಗುವವರೆಗೆ ಆಟ ನಡೆಯುತ್ತದೆ. ಈ ವರ್ಷ ಕಾಲೇಜಿನ ತಂಡಕ್ಕೆ ಸೇರಿದ ಮೇಲೆ ನಾನು ಹಳೆಯ ಬ್ಯಾಟ್ ಬಿಟ್ಟು ಹೊಸದು ತೆಗೆದುಕೊಂಡೆ. ಅಂದಿನಿಂದ ತಂಗಿಯರೂ ಗೆಳತಿಯರೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಅಷ್ಟು ದುಡ್ಡು ಕೊಟ್ಟಿಯಲ್ಲಾ, ಆಟದಾಗ ಏನು ಫರಕು ಬಂತು?" ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಮೊದಲು ದುಡ್ಡಿನ ಮಾತು. ಬ್ಯಾಟಿಗೆ 1,850 ರೂಪಾಯಿ, ಗಟ್ಟಿಂಗ್ ಹಾಕಿಸಲು 350 ರೂಪಾಯಿ, ಒಟ್ಟು 2,200. ಕಳೆದ ಚಳಿಗಾಲದ ರಜೆಯಲ್ಲಿ ಅಮ್ಮಿಯ ಜೊತೆ ಹೊಲಕ್ಕೆ ಹೋಗಿ ಹತ್ತಿ ಬಿಡಿಸಿದ ಕೂಲಿಯಲ್ಲಿ ನನ್ನ ಪಾಲನ್ನು ಅಬ್ಬಾ ತೆಗೆದಿಟ್ಟಿದ್ದರು. ಆ ಹಣದಲ್ಲಿ ಸಿ.ಇ.ಟಿ. ಪುಸ್ತಕಗಳನ್ನೂ ಕೊಳ್ಳಬಹುದಿತ್ತು. ಆದ್ದರಿಂದ ಅಂಗಡಿಯವರು ಕೊಟ್ಟದ್ದನ್ನು ಸುಮ್ಮನೆ ತರುವ ಬದಲು, ಏನನ್ನು ಕೊಳ್ಳುತ್ತಿದ್ದೇನೆ ಎಂದು ತಿಳಿದೇ ಕೊಳ್ಳಬೇಕು ಎಂದು ತೀರ್ಮಾನಿಸಿದೆ.

ಬದಲಿಸಲು ಕಾರಣ ನನ್ನ ಭುಜ. ಹಳೆಯದು ಕಬ್ಬಿಣದ ಚೌಕಟ್ಟಿನ ಬ್ಯಾಟ್. ಜಾತ್ರೆಯಲ್ಲಿ, ಆಟಿಕೆ ಅಂಗಡಿಯಲ್ಲಿ ಜೋಡಿಯಾಗಿ ಸಿಗುತ್ತದಲ್ಲ, ಅದೇ. ಎರಡು ಗೇಮ್‌ವರೆಗೆ ಏನೂ ಅನ್ನಿಸುತ್ತಿರಲಿಲ್ಲ. ಮೂರನೇ ಗೇಮಿಗೆ ಬಂದರೆ ಬಲಭುಜ ಸೆಳೆಯಲು ಶುರುವಾಗುತ್ತಿತ್ತು. ಜೋಡಿ ಆಟದಲ್ಲಿ ನಾನು ಹಿಂದೆ ನಿಲ್ಲುವವಳು, ಹಿಂದಿನವರ ಕೈ ಸೋತರೆ ಮುಂದಿನವರೂ ಸೋಲುತ್ತಾರೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಆಗ ಉಳಿದಿದ್ದದ್ದು ಐದು ವಾರ.

ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಹಳೆಯ ಬ್ಯಾಟ್ ಇಟ್ಟಾಗ 112 ಗ್ರಾಂ ಬಂತು. ಹೊಸದು ಗ್ರಾಫೈಟಿನದು, ಅದರ ಮೇಲೆ '4ಯು' ಎಂದು ಬರೆದಿದೆ. ಬ್ಯಾಟುಗಳ ತೂಕಕ್ಕೆ ಇರುವ ಗುರುತು ಇದು. 3ಯು ಎಂದರೆ ಸುಮಾರು 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84, 5ಯು ಎಂದರೆ 75ರಿಂದ 79. ಅಂಕಿ ಹೆಚ್ಚಾದಂತೆ ತೂಕ ಕಡಿಮೆ ಎಂಬುದನ್ನು ನೆನಪಿಡಿ. ಇದು ಗಟ್ಟಿಂಗ್ ಹಾಕುವ ಮೊದಲಿನ ತೂಕ. ಗಟ್ಟಿಂಗ್ ಹಾಕಿ, ಮೇಲೊಂದು ಗ್ರಿಪ್ ಸುತ್ತಿದ ಮೇಲೆ ನನ್ನ ಬ್ಯಾಟ್ 91 ಗ್ರಾಂ ತೂಗಿತು. ಅಂದರೆ ಹಳೆಯದಕ್ಕಿಂತ 21 ಗ್ರಾಂ ಕಡಿಮೆ.

"ಬ್ಯಾಟ್ ಹಗುರಾದರೆ ಹೊಡೆತವೂ ಹಗುರಾಗುವುದಿಲ್ಲವೇ?" ಎಂದು ನನ್ನ ಜೋಡಿಯವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಕಾಕಿನ ತೂಕದಲ್ಲಿದೆ. ನಿಯಮದ ಪ್ರಕಾರ ಗರಿಯ ಕಾಕ್ 4.74ರಿಂದ 5.50 ಗ್ರಾಂ ಒಳಗೆ ಇರಬೇಕು. ಬ್ಯಾಟ್ ಅದಕ್ಕಿಂತ ಹದಿನೆಂಟು ಪಟ್ಟು ಭಾರ. ಇಷ್ಟು ಭಾರದ ವಸ್ತು ಇಷ್ಟು ಹಗುರ ವಸ್ತುವಿಗೆ ಬಡಿದಾಗ, ಕಾಕಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಬ್ಯಾಟಿನ ತಲೆ ಎಷ್ಟು ವೇಗವಾಗಿ ಬಂತು ಎಂಬುದು. ಇನ್ನಷ್ಟು ತೂಕ ಸೇರಿಸಿದರೆ ಲಾಭ ಸ್ವಲ್ಪವೇ. ಟೆನಿಸ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಚೆಂಡು 56ರಿಂದ 59.4 ಗ್ರಾಂ, ರಾಕೆಟ್ ಸುಮಾರು 300 ಗ್ರಾಂ, ಅಂದರೆ ಐದು ಪಟ್ಟು ಮಾತ್ರ. ಆದ್ದರಿಂದ ಟೆನಿಸ್ ಆಟಗಾರರು ಹಗುರ ರಾಕೆಟಿಗೆ ಸೀಸದ ಪಟ್ಟಿ ಅಂಟಿಸಿ ತೂಕ ಹೆಚ್ಚಿಸಿಕೊಳ್ಳುವುದೂ ಉಂಟು. ಚೆಂಡು ಬಡಿದಾಗ ರಾಕೆಟ್ ಹಿಂದಕ್ಕೆ ತಳ್ಳಿಸಿಕೊಳ್ಳದೆ ನಿಲ್ಲಬೇಕಲ್ಲ!

ಒಟ್ಟು ತೂಕದಷ್ಟೇ ಮುಖ್ಯವಾದದ್ದು ಆ ತೂಕ ಎಲ್ಲಿದೆ ಎಂಬುದು. ಪ್ರಥಮ ಪಿ.ಯು.ಸಿ. ಫಿಸಿಕ್ಸ್‌ನಲ್ಲಿ ಮೊಮೆಂಟ್ ಆಫ್ ಇನರ್ಶಿಯಾ ಓದಿದ್ದೀರಿ: ದ್ರವ್ಯರಾಶಿಯನ್ನು ದೂರದ ವರ್ಗದಿಂದ ಗುಣಿಸಬೇಕು. ಕೈಯಿಂದ 10 ಸೆಂ.ಮೀ. ದೂರದಲ್ಲಿರುವ ಒಂದು ಗ್ರಾಂಗಿಂತ 60 ಸೆಂ.ಮೀ. ದೂರದ ತಲೆಯಲ್ಲಿರುವ ಒಂದು ಗ್ರಾಂ ಬ್ಯಾಟ್ ತಿರುಗುವುದನ್ನು 36 ಪಟ್ಟು ಹೆಚ್ಚು ತಡೆಯುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರ ಭುಜದ ನೋವಿಗೂ ಸಂಬಂಧಪಟ್ಟಿದೆ ಎಂದು ನನಗೆ ತಿಳಿದದ್ದು ಆಗಲೇ.

ಇದನ್ನು ಮನೆಯಲ್ಲೇ ಅಳೆಯಬಹುದು. ಬ್ಯಾಟನ್ನು ಅಡ್ಡಲಾಗಿ ಒಂದು ಬೆರಳಿನ ಮೇಲೆ ಇಟ್ಟು, ಅದು ಅತ್ತಿತ್ತ ವಾಲದೆ ನಿಲ್ಲುವ ಜಾಗ ಹುಡುಕಿ. ಹಿಡಿಕೆಯ ಬುಡದಿಂದ ಅಲ್ಲಿಗೆ ಸ್ಕೇಲ್ ಹಿಡಿಯಿರಿ. ಸುಮಾರು 285ರಿಂದ 295 ಮಿ.ಮೀ. ಬಂದರೆ ಅದು ಸಮತೋಲದ ಬ್ಯಾಟ್. ಅದಕ್ಕಿಂತ ಹೆಚ್ಚಾದರೆ ತಲೆ ಭಾರ, ಕಡಿಮೆಯಾದರೆ ತಲೆ ಹಗುರ. ತಲೆ ಭಾರದ್ದು ಹಿಂದಿನಿಂದ ಸ್ಮ್ಯಾಶ್ ಹೊಡೆಯುವವರಿಗೆ ಸಹಾಯ ಮಾಡುತ್ತದೆ. ತಲೆ ಹಗುರದ್ದು ನೆಟ್ ಹತ್ತಿರ ಬೇಗ ಬೇಗ ತಡೆಯುವವರಿಗೆ ಒಳ್ಳೆಯದು. ನಾನು ಹಿಂದೆ ಆಡಿದರೂ ಭುಜದ ಕಾರಣದಿಂದ ಸಮತೋಲದ್ದನ್ನೇ ಆರಿಸಿದೆ.

ಗಟ್ಟಿಂಗ್ ವಿಷಯದಲ್ಲಿ ಬಹಳ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಬಿಗಿಯಾಗಿ ಹಾಕಿಸಿದಷ್ಟೂ ಹೊಡೆತ ಜೋರು ಎಂದು ನಂಬುತ್ತಾರೆ. ನಿಜ ಅದರ ವಿರುದ್ಧ. ಸ್ವಲ್ಪ ಸಡಿಲ ಇದ್ದರೆ ದಾರ ಹಿಂದಕ್ಕೆ ಬಾಗಿ, ಕಾಕನ್ನು ತಾನೇ ಚಿಮ್ಮಿಸುತ್ತದೆ. ಬಿಗಿ ಇದ್ದರೆ ಕಾಕ್ ಎಲ್ಲಿ ಬೀಳಬೇಕು ಎಂಬುದರ ಮೇಲೆ ಹಿಡಿತ ಸಿಗುತ್ತದೆ, ಆದರೆ ಬಲವನ್ನು ನಮ್ಮ ಕೈಯೇ ಕೊಡಬೇಕು, ನಡುಮಧ್ಯಕ್ಕೇ ಹೊಡೆಯಬೇಕು. ದೊಡ್ಡ ಆಟಗಾರರು 28 ಪೌಂಡ್‌ಗಿಂತ ಮೇಲೆ ಹಾಕಿಸುತ್ತಾರೆ. ನಮ್ಮಂಥವರಿಗೆ 20ರಿಂದ 24 ಸಾಕು. ನಾನು ಕಲಬುರಗಿಯಲ್ಲಿ 22 ಪೌಂಡ್ ಹಾಕಿಸಿದೆ.

ಈಗ ಆಟದ ಮಾತು. ಮೊದಲ ವಾರ ಹೊಸ ಬ್ಯಾಟ್ ಹೇಗಿತ್ತು ಗೊತ್ತೇ? ಕಾಕ್ ತಲುಪುವ ಮೊದಲೇ ಬ್ಯಾಟ್ ಅಲ್ಲಿರುತ್ತಿತ್ತು! ಮೂರು ವರ್ಷ 112 ಗ್ರಾಂ ತಿರುಗಿಸಿದ ಕೈಗೆ ಒಂದು ಲಯ ಕೂತಿರುತ್ತದೆ. ಬ್ಯಾಟ್ ಹಗುರಾದಾಗ ಅದೇ ಲಯದಲ್ಲಿ ತಲೆ ಬೇಗ ಮುಂದೆ ಬರುತ್ತದೆ, ಸ್ಮ್ಯಾಶ್ ನೆಟ್ಟಿಗೆ ಬೀಳುತ್ತದೆ. ಸರ್ವ್ ಕೂಡ ಎತ್ತರ ಹೋಗುತ್ತದೆ. ನಮ್ಮ ಪಿ.ಟಿ. ಸರ್ ನಕ್ಕು, "ಬ್ಯಾಟ್ ಒಂದು ದಿನದಾಗ ಬದಲಾತವ್ವಾ, ಕೈ ಬದಲಾಗಾಕ ಮೂರು ವಾರ ಬೇಕು" ಎಂದರು. ಅವರು ಹೇಳಿದಂತೆ ದಿನಾ ಮೊದಲು ಇಪ್ಪತ್ತು ನಿಮಿಷ ಪಾಯಿಂಟ್ ಆಡದೆ, ಎತ್ತರದ ಟಾಸ್ ಮತ್ತು ಡ್ರಾಪ್ ಮಾತ್ರ ಹೊಡೆದೆ. ಎರಡನೇ ವಾರಕ್ಕೆ ಡ್ರಾಪ್ ಸರಿಹೋಯಿತು, ಮೂರನೇ ವಾರಕ್ಕೆ ಸ್ಮ್ಯಾಶ್.

ಬಯಲಿನಲ್ಲಿ ಆಡುವ ನಮಗೆ ಇನ್ನೊಂದು ಪಾಠ ಇದೆ. ಆಷಾಢದ ಗಾಳಿಗೆ ಯಾವ ಬ್ಯಾಟೂ ಮದ್ದಲ್ಲ. ಬಿಸಿಲಿನ ದಿನ ಗಾಳಿಯ ಸಾಂದ್ರತೆ ಕಡಿಮೆ, ಕಾಕ್ ಹೆಚ್ಚು ದೂರ ಹೋಗುತ್ತದೆ. ನೈಲಾನ್ ಕಾಕ್ ಕೊಳ್ಳುವಾಗ ತಲೆಯ ಸುತ್ತ ಇರುವ ಪಟ್ಟಿ ನೋಡಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ನಮ್ಮ ಬಿಸಿಲಿಗೆ ಹಸಿರು ಪಟ್ಟಿಯದು ಗೆರೆಯೊಳಗೆ ಉಳಿಯುತ್ತದೆ.

ಬ್ಯಾಟೇ ಎಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಅದೂ ಮದುವೆ ಇಲ್ಲದ ದಿನಗಳಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಕಿಂಗ್ ಹಾರಿ ಹೊಡೆಯುವ ಸ್ಮ್ಯಾಶಿಗೆ ಹೆಸರಾದವರು. ಪ್ರಕಾಶ್ ಆ ಜೋರಿಗೆ ಜೋರು ಕೊಡದೆ, ಕಾಕ್ ಎಲ್ಲಿ ಬೀಳಬೇಕೋ ಅಲ್ಲಿ ಬೀಳಿಸಿ ಗೆದ್ದರು. ಆ ಕಲೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾದರೆ 2,200 ರೂಪಾಯಿಗೆ ಏನು ಸಿಕ್ಕಿತು? ತಾಲ್ಲೂಕು ಮಟ್ಟದಲ್ಲಿ ನಾವು ಎರಡನೇ ಸುತ್ತಿನಲ್ಲಿ ಸೋತೆವು, ಎದುರಿನವರು ನಮಗಿಂತ ಚೆನ್ನಾಗಿ ಆಡಿದರು. ಆದರೆ ಆ ಪಂದ್ಯ ಮೂರನೇ ಗೇಮಿಗೆ ಹೋಯಿತು, ಕೊನೆಯ ಪಾಯಿಂಟ್‌ವರೆಗೂ ನನ್ನ ಭುಜ ಸೆಳೆಯಲಿಲ್ಲ. ನಾನು ಕೊಂಡದ್ದು ಅದನ್ನೇ.

ಹೊಸದಾಗಿ ಆಟ ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಮೊದಲ ವರ್ಷ ಕಾಲೇಜಿನ ಬ್ಯಾಟಿನಲ್ಲೇ ಆಡಿ. ಆಮೇಲೂ ಆಸೆ ಉಳಿದರೆ 4ಯು, ಸಮತೋಲದ್ದು, 22 ಪೌಂಡ್‌ನಿಂದ ಆರಂಭಿಸಿ. ಪಂದ್ಯಕ್ಕೆ ಮೂರು ವಾರ ಉಳಿದಿಲ್ಲವಾದರೆ ಹಳೆಯದರಲ್ಲೇ ಆಡಿ ಬನ್ನಿ. ಕೊಳ್ಳುವ ಮೊದಲು ಫರಕು ನೋಡಬೇಕೆನ್ನುವವರು ಊಟದ ಬಿಡುವಿನಲ್ಲಿ ಬನ್ನಿ. ಎರಡೂ ಬ್ಯಾಟ್ ನನ್ನ ಹತ್ತಿರ ಇವೆ, ಹತ್ತು ಹತ್ತು ಕಾಕ್ ಹೊಡೆದು ನಿಮ್ಮ ಕೈಯನ್ನೇ ಕೇಳಿ.