ಮದ್ದು ಒಂದೇ, ಮುಪ್ಪು ಎರಡು

ಕನ್ನಡದ ‘ಮದ್ದು’, ತೆಲುಗಿನ ‘ಮಂದು’, ತಮಿಳಿನ ‘ಮರುಂದು’, ಮಲಯಾಳದ ‘ಮರುನ್ನ್’ ಜ್ಞಾತಿಪದಗಳು. ರೋಗಿಗೆ ಕೊಡುವ ಔಷಧವನ್ನೂ ಕೋವಿಗೆ ತುಂಬುವ ಪುಡಿಯನ್ನೂ ಇವು ಸೂಚಿಸುತ್ತವೆ. ಮರಾಠಿಯಲ್ಲಿ ಸಿಡಿಮದ್ದಿಗೆ ಬಳಕೆಯಾಗುವ ‘ದಾರೂ’ ಪದಕ್ಕೂ ಮೂಲ ಪಾರಸಿಯಲ್ಲಿ ಔಷಧವೆಂದೇ ಅರ್ಥ. ಚೀನೀ ಭಾಷೆಯಲ್ಲಿ ಸಿಡಿಮದ್ದಿನ ಹೆಸರು ‘ಬೆಂಕಿಯ ಔಷಧ’ ಎಂದಾಗುತ್ತದೆ. ಹೀಗೆ ಗಡಿನಾಡಿನ ಕನ್ನಡಿಗರು ಯಾವ ದಿಕ್ಕಿಗೆ ಹೊರಳಿದರೂ ಈ ರೂಪಕ ಅವರಿಗೆ ಅಪರಿಚಿತವಲ್ಲ. ಆದರೆ ‘ಮದ್ದು’ ಎಂಬ ಒಂದೇ ಪದ ಇಂದು ಎರಡು ಭಿನ್ನ ವಸ್ತುಗಳನ್ನು ಮರೆಮಾಚುತ್ತದೆ. ಹಳೆಯ ದಾಸ್ತಾನನ್ನು ಮರಳಿ ತೋಟಾಗಳಿಗೆ ತುಂಬಬಹುದೇ ಎಂಬ ಪ್ರಶ್ನೆ ಎದ್ದಾಗ ಈ ಮರೆ ಅಪಾಯಕಾರಿಯಾಗುತ್ತದೆ.

ಮೊದಲನೆಯದು ಕರಿಮದ್ದು. ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಲು, 10 ಭಾಗ ಗಂಧಕ ಸೇರಿದ ಮಿಶ್ರಣವಿದು. ಈ ಮೂರೂ ಒಣಗಿದ್ದಷ್ಟು ಕಾಲ ತಮ್ಮಷ್ಟಕ್ಕೆ ತಾವು ಕೆಡುವುದಿಲ್ಲ. ಆದ್ದರಿಂದ ಬಿಗಿಯಾದ ಡಬ್ಬಿಯಲ್ಲಿರುವ ಕರಿಮದ್ದು ತಲೆಮಾರುಗಳ ತರುವಾಯವೂ ಉರಿಯಬಲ್ಲದು. ಇದರ ಶತ್ರು ತೇವ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಂಥ ಕರಾವಳಿಯಲ್ಲಿ ಅದು ಸಾಮಾನ್ಯ ಶತ್ರುವಲ್ಲ. ನೀರು ತಗುಲಿದಾಗ ಪೆಟ್ಲುಪ್ಪು ಕರಗಿ, ಕಣದ ಮೇಲ್ಮೈಗೆ ಬಂದು, ಬಿಳಿಯ ಹರಳಾಗಿ ನಿಲ್ಲುತ್ತದೆ. ಬಳಿಕ ಅದನ್ನು ಒಣಗಿಸಿದರೂ ಮೊದಲಿನ ಬೆರಕೆ ಮರಳದು. ಅಂಥ ಮದ್ದು ಹೊತ್ತಿಕೊಳ್ಳಲು ತಡವಾಗಬಹುದು, ಅಥವಾ ಅರೆಬರೆ ಉರಿದು ಗುಂಡನ್ನು ನಳಿಗೆಯ ನಡುವೆಯೇ ಬಿಡಬಹುದು. ಹಾಗೆಂದು ಅದು ನಿರಪಾಯಕಾರಿಯೂ ಅಲ್ಲ: ಒಣಗಿದ ಕರಿಮದ್ದಿಗೆ ಒಂದು ಕಿಡಿ ಸಾಕು.

ಎರಡನೆಯದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಇದನ್ನು ಬಳಕೆಗೆ ಯೋಗ್ಯವಾಗುವಂತೆ ರೂಪಿಸಿದನು. ಇಂದಿನ ತೋಟಾಗಳಲ್ಲಿರುವುದು ಬಹುಪಾಲು ಇದೇ. ಇದರ ಮೂಲದ್ರವ್ಯ ನೈಟ್ರೋಸೆಲ್ಯುಲೋಸ್. ಇದು ಬೆರಕೆಯಲ್ಲ, ರಾಸಾಯನಿಕ ಸಂಯುಕ್ತ. ಒಣಗಿದ್ದರೂ ಮುಚ್ಚಿಟ್ಟಿದ್ದರೂ ಇದು ಒಳಗಿನಿಂದಲೇ ನಿಧಾನವಾಗಿ ಒಡೆಯುತ್ತದೆ. ಹಾಗೆ ಒಡೆದಾಗ ಹೊರಬೀಳುವ ನೈಟ್ರೋಜನ್ ಆಕ್ಸೈಡುಗಳೂ ಆಮ್ಲಗಳೂ ಉಳಿದ ಮದ್ದಿನ ಶಿಥಿಲತೆಯನ್ನು ಇನ್ನಷ್ಟು ತ್ವರಿತಗೊಳಿಸುತ್ತವೆ. ಇವನ್ನು ಹೀರಿಕೊಳ್ಳಲೆಂದು ತಯಾರಕರು ಡೈಫಿನೈಲಮೀನಿನಂಥ ಸ್ಥಿರಕಾರಿಯನ್ನು ಸೇರಿಸುತ್ತಾರೆ. ಅದು ತೀರಿದ ಮೇಲೆ ತಡೆಯಿಲ್ಲ. ಶಾಖ ಈ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ, ಬೇಸಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದ ತಗಡಿನ ಮಾಡಿನಡಿ ಮದ್ದಿನ ಆಯುಷ್ಯ ಬೇಗ ಕುಗ್ಗುತ್ತದೆ.

ಇದರ ಬೆಲೆಯನ್ನು ಫ್ರೆಂಚ್ ನೌಕಾಪಡೆ ತೆತ್ತಿತು. ತೂಲೋನ್ ಬಂದರಿನಲ್ಲಿ 1907ರಲ್ಲಿ ‘ಇಯೇನಾ’, 1911ರಲ್ಲಿ ‘ಲಿಬರ್ತೆ’ ಎಂಬ ಯುದ್ಧನೌಕೆಗಳು ಸಿಡಿದು ನೂರಾರು ಜನ ಸತ್ತರು. ಕೆಟ್ಟ ಮದ್ದು ತಾನಾಗಿ ಹೊತ್ತಿಕೊಂಡದ್ದೇ ಕಾರಣವೆಂಬ ಅಭಿಪ್ರಾಯ ಬಲವಾಯಿತು.

ಕೆಟ್ಟುದರ ಗುರುತುಗಳು ಹಲವು: ಮೂಗಿಗೆ ಚುಚ್ಚುವ ಹುಳಿವಾಸನೆ, ಡಬ್ಬಿಯಲ್ಲಿ ಕೆಂಗಂದು ಹೊಗೆ, ತುಕ್ಕಿನ ಬಣ್ಣದ ಧೂಳು, ತೋಟಾದ ಹಿತ್ತಾಳೆಗೆ ಕಟ್ಟಿದ ಹಸಿರು ಕಿಲುಬು. ಇವುಗಳಲ್ಲಿ ಒಂದು ಕಂಡರೂ ಆ ಮದ್ದು ಬಳಕೆಗೆ ಸಲ್ಲದು. ಗುರುತು ಕಾಣದಿದ್ದ ಮಾತ್ರಕ್ಕೆ ಅದು ಸುರಕ್ಷಿತವೆಂದೂ ಅಲ್ಲ; ಚೀಟಿ ಕಳೆದುಹೋದ ಡಬ್ಬಿಯ ಮದ್ದು ಯಾವ ಜಾತಿಯದೆಂದು ಬಣ್ಣ ನೋಡಿ ನಿಶ್ಚಯಿಸಲಾಗದು. ಕರಿಮದ್ದಿನ ಅಳತೆಯಲ್ಲಿ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಒತ್ತಡ ಮಿತಿಮೀರಿ ನಳಿಗೆಯೇ ಒಡೆಯಬಹುದು.

ಕೊಡಗಿನ ಗಡಿಗೆ ತಾಗಿದ ಕಾಸರಗೋಡು, ವಯನಾಡುಗಳ ತೋಟದ ಮನೆಗಳಲ್ಲಿ ಬೆಳೆರಕ್ಷಣೆಯ ಕೋವಿ ಹೊಸದಲ್ಲ. ಹಿರಿಯರು ತೀರಿಕೊಂಡ ಬಳಿಕ ಅಟ್ಟದಲ್ಲಿ ಮದ್ದಿನ ಡಬ್ಬಿ ಸಿಕ್ಕರೆ, ‘ಒಣಗಿಸಿದರೆ ಸರಿಹೋದೀತು’ ಎಂಬ ಕರಿಮದ್ದಿನ ಕಾಲದ ತಿಳಿವಳಿಕೆ ಅಲ್ಲಿ ನೆರವಿಗೆ ಬಾರದು. ಅದನ್ನು ಬಿಸಿಲಿಗೆ ಹರವದೆ, ಒಲೆಗೆ ಸುರಿಯದೆ, ಅಲುಗಿಸದೆ ಪೊಲೀಸರಿಗೆ ತಿಳಿಸುವುದೇ ಯೋಗ್ಯ ಮಾರ್ಗ. 1884ರ ಸ್ಫೋಟಕ ಕಾಯಿದೆ ಮತ್ತು 1959ರ ಆಯುಧ ಕಾಯಿದೆ ಇಂಥ ದಾಸ್ತಾನಿಗೆ ಅನ್ವಯಿಸುತ್ತವೆ. ಔಷಧದ ಸೀಸೆಗೆ ಅವಧಿಯುಂಟೆಂಬುದನ್ನು ಎಲ್ಲರೂ ಬಲ್ಲರು. ಅದೇ ಹೆಸರಿನ ಈ ಇನ್ನೊಂದು ಮದ್ದಿಗೂ ಅವಧಿಯುಂಟು.