ಮನೆತನದ ಕಥೆ ಬರೆಯುವವರಿಗೆ ಹೆಳವರ ವಹಿ

ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಹೊತ್ತಿಗೆ ಮನೆತನಗಳ ವಂಶಾವಳಿ ಹೇಳುವ ಹೆಳವರು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು ಬರುತ್ತಿದ್ದರು. ಈಗ ಬೈಕು, ಟಂಟಂ ಏನಾದರೂ ಸರಿ. ಪಡಸಾಲೆಯಲ್ಲಿ ಜಮಖಾನ ಹಾಸಿ ಕೂರಿಸಿದರೆ ದೇವರನ್ನು ನೆನೆದು ವಹಿ, ಅಂದರೆ ವಂಶಾವಳಿಯ ಪುಸ್ತಕ, ಬಿಚ್ಚುತ್ತಾರೆ. ಮೂಲಪುರುಷನಿಂದ ಹಿಡಿದು ಒಂದೊಂದೇ ತಲೆಮಾರು ಇಳಿದು ಬರುತ್ತದೆ. ಮನೆತನ ಮೊದಲು ಯಾವ ಊರಲ್ಲಿತ್ತು, ಯಾವ ಬರದಲ್ಲಿ ಊರು ಬಿಟ್ಟಿತು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು, ಯಾರು ಯಾರ ಮನೆಗೆ ದತ್ತು ಹೋದರು ಎಂಬುದೆಲ್ಲ ಒಂದು ಲಯದಲ್ಲಿ ಬರುತ್ತದೆ. ಓದಿ ಮುಗಿದ ಮೇಲೆ, ಹೋದ ಸಲ ಬಂದುಹೋದ ನಂತರ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ದುಡ್ಡು ಕೊಟ್ಟು ಕಳಿಸುತ್ತಾರೆ.

ಕಾಲಿಲ್ಲದ ಭಕ್ತನೊಬ್ಬನಿಗೆ ಬಸವಣ್ಣನವರು ಎತ್ತು, ಗಂಟೆ ಕೊಟ್ಟು ಈ ಕಾಯಕಕ್ಕೆ ಹಚ್ಚಿದರೆಂದು ಸಮುದಾಯದಲ್ಲಿ ಐತಿಹ್ಯವಿದೆ. ಬಳ್ಳಾರಿ ಸೀಮೆಯ ಹೆಳವರು ಮನೆಮನೆಗೆ ಹೋಗಿ ವಂಶದ ಚರಿತ್ರೆ, ಯುದ್ಧದಲ್ಲಿ ಮಡಿದ ವೀರರ ಹೆಸರು ಹೇಳುತ್ತಿದ್ದುದನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆಸ್ತಿಯ ತಕರಾರು ಬಂದಾಗ, ಬೀಗತನಕ್ಕೆ ಮುಂಚೆ ಬೆಡಗು (ಕುಲದೊಳಗಿನ ಬಳಿ) ನೋಡುವಾಗ ಊರವರು ಹೆಳವರ ಮಾತನ್ನು ಕೇಳಿದ್ದುಂಟು.

ಅಜ್ಜನ ಜೀವನಚರಿತ್ರೆಯನ್ನೋ ತಮ್ಮದೇ ಆತ್ಮಕಥನವನ್ನೋ ಬರೆಯಹೊರಟ ಎಷ್ಟೋ ಜನ ಮುತ್ತಜ್ಜನ ಹೆಸರಿಗೆ ಬಂದು ನಿಂತುಬಿಡುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗಲು ಹೆಳವರಷ್ಟು ದೊಡ್ಡ ಆಸರೆ ನಮ್ಮಲ್ಲಿ ಇನ್ನೊಂದಿಲ್ಲ. ಅವರು ವಹಿ ಓದುವಾಗ ನಡುವೆ ತಡೆಯದೆ ಪೂರ್ತಿ ಹೇಳಿಸಬೇಕು. ಅವರು ಒಪ್ಪಿದರೆ ಮೊಬೈಲಿನಲ್ಲಿ ದನಿ ಹಿಡಿದಿಡಬೇಕು. ಅವರ ವಿದ್ಯೆಗೆ ತಕ್ಕ ಸಂಭಾವನೆ ಕೊಡಬೇಕು. ಹೆಸರು ಬರೆದುಕೊಳ್ಳುವಾಗಲೂ ಎಚ್ಚರ ಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪನ ಮಗ ರುದ್ರಪ್ಪ, ಅವನ ಮಗ ಮತ್ತೆ ಬಸಪ್ಪ. ಕಿವಿ ಸ್ವಲ್ಪ ಜಾರಿದರೆ ಇಬ್ಬರು ಬಸಪ್ಪಂದಿರು ಒಬ್ಬರೇ ಆಗಿಬಿಡುತ್ತಾರೆ, ಎರಡು ತಲೆಮಾರು ಕಾಣೆಯಾಗುತ್ತವೆ.

ಕಾಲ ಗೊತ್ತುಮಾಡುವುದು ಇನ್ನೂ ಕಷ್ಟದ ಕೆಲಸ. ಹಿರಿಯರ ನೆನಪಿನಲ್ಲಿ ಇಸವಿ ಇರುವುದಿಲ್ಲ; ಬರ, ಪ್ಲೇಗು, ರಜಾಕಾರರ ಹಾವಳಿ ಇರುತ್ತವೆ. ‘ಧಾತು ಸಂವತ್ಸರದಲ್ಲಿ ಊರು ಬಿಟ್ಟರು’ ಎಂದರೆ ಅದು ಸಾವಿರಾರು ಊರು ಹಾಳಾದ ಮಹಾ ಬರಗಾಲದ 1876ನೇ ಇಸವಿ ಇರಬಹುದು. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ 1936 ಕೂಡ ಧಾತುವೇ. ಆಗ ಮನೆಯಲ್ಲಿ ಯಾರು ಬದುಕಿದ್ದರು ಎಂದು ತಾಳೆ ನೋಡಿಯೇ ತೀರ್ಮಾನಿಸಬೇಕು. ಶಾಲಿವಾಹನ ಶಕೆ ಸಿಕ್ಕರೆ 78 ಕೂಡಿಸಬೇಕು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರ ಕಡೆಯ ಹಳೆಯ ಕಾಗದಗಳಲ್ಲಿ ಕಂದಾಯದ ಲೆಕ್ಕದ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಬೇಕು, ಜೊತೆಗೆ ಉರ್ದು ಬಲ್ಲವರನ್ನೂ ಹುಡುಕಬೇಕು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ ಕಡೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳು ಎದುರಾಗುತ್ತವೆ. ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ಜೂನ್ 1 ಎಂದು ಹುಟ್ಟಿದ ದಿನ ಕಂಡರೆ ನಂಬಲು ಅವಸರ ಬೇಡ: ಶಾಲೆ ಶುರುವಾಗುವ ತಿಂಗಳೆಂದು ಮಾಸ್ತರರೇ ಎಷ್ಟೋ ಮಕ್ಕಳಿಗೆ ಆ ತಾರೀಖು ಬರೆದುಬಿಡುತ್ತಿದ್ದರು.

ಇಷ್ಟಾದರೂ ಅರ್ಧ ಮನೆತನ ಹೊರಗೇ ಉಳಿದಿರುತ್ತದೆ. ಹೆಳವರ ವಹಿ ಹೆಚ್ಚಾಗಿ ಗಂಡು ಸಂತತಿಯ ದಾರಿಯಲ್ಲೇ ನಡೆಯುತ್ತದೆ. ಬರಗಾಲದಲ್ಲಿ ಮಕ್ಕಳನ್ನು ಬದುಕಿಸಿದವಳು, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಹೊಲ ಉಳಿಸಿದವಳು, ಇವರ ಹೆಸರಿಲ್ಲದೆ ಬರೆದ ಮನೆತನದ ಚರಿತ್ರೆಯನ್ನು ಚರಿತ್ರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರನ್ನು ಹುಡುಕಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಹೊಲದ ಉತಾರ (ಪಹಣಿ) ಹಿಡಿದು ಹಿಂದಕ್ಕೆ ಹೋದರೆ, ಯಜಮಾನ ತೀರಿಕೊಂಡಾಗ ಆದ ವಾರಸಾ ನೋಂದುಗಳು ಸಿಗುತ್ತವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳನ್ನೂ ತಂದೆಯ ವಾರಸುದಾರರನ್ನಾಗಿ ಮಾಡಿದ್ದರಿಂದ, ಆಮೇಲಿನ ನೋಂದುಗಳಲ್ಲಿ ಅವರ ಹೆಸರು, ಕೆಲವೊಮ್ಮೆ ಗಂಡನ ಹೆಸರು, ಕೊಟ್ಟ ಊರು ಕೂಡ ಕಾಣಬಹುದು. 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿಯಿಂದ, ಅದಕ್ಕೆ ಮುಂಚೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲೂ ಗಂಡುಮಕ್ಕಳಂತೆ ಪಾಲು ಬಂತು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಣ್ಣುಮಕ್ಕಳು ಪಾಲು ಬಿಟ್ಟುಕೊಟ್ಟ ಹಕ್ಕುಬಿಡುಗಡೆ ಪತ್ರ ಸಿಕ್ಕರೆ ನಿಧಾನವಾಗಿ ಓದಿ. ಅಣ್ಣತಮ್ಮಂದಿರಿಗೆ ಎಲ್ಲವನ್ನೂ ಬರೆದುಕೊಟ್ಟು ಹೆಬ್ಬೆಟ್ಟು ಒತ್ತಿದ ಸೋದರತ್ತೆಯ ಬದುಕನ್ನು ಕೇಳಲು ಆ ಕಾಗದದಲ್ಲಿರುವ ಊರಿಗೇ ಹೋಗಬೇಕು. ಅಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಹೇಳುವ ಕಥೆ ನಿಮ್ಮ ಮನೆಯಲ್ಲಿ ಹೇಳುವ ಕಥೆಗಿಂತ ಬೇರೆಯೇ ಇರುತ್ತದೆ, ಎರಡನ್ನೂ ಬರೆಯಿರಿ.

ಮುಂದಿನ ಸಲ ಹೆಳವರು ಬಂದಾಗ ಹೀಗೆ ಸಿಕ್ಕ ಹೆಣ್ಣುಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅವರ ವಹಿಯಲ್ಲಿ ಸೇರಿಸಲು ಕೇಳಿ.